ಶುಕ್ರವಾರದ ನೆಲ, ಸೋಮವಾರದ ಮನೆ

ಮಂಗಳೂರಿನ ಹಳೆ ಬಂದರಿಗೆ ನಾನು ಹೋದದ್ದು ಬಂಗುಡೆಗೆ. ಚೀಲ ಹಿಡಿದು ದಕ್ಕೆಯ ಬದಿಯಲ್ಲಿ ಬರುವಾಗ ಸರಕು ಸಾಗಿಸುವ ಒಂದು ಮಂಜಿ ಕಣ್ಣಿಗೆ ಬಿತ್ತು. ಹೊಟ್ಟೆ ತುಂಬ ಜಲ್ಲಿ ತುಂಬಿಕೊಂಡು, ಇನ್ನೊಂದು ಗೇಣು ಇಳಿದರೆ ಮುಳುಗೀತು ಎಂಬಂತೆ ನಿಂತಿತ್ತು. ಹಮಾಲರು ಹಲಗೆ ಹತ್ತಿ ಹೊಯ್ಗೆ ಚೀಲ ಒಳಗೆ ಇಳಿಸುತ್ತಿದ್ದರು. ಮೇಲೆ ಸಿಮೆಂಟು, ಕಬ್ಬಿಣದ ಸರಳು, ಹುಲ್ಲು ಸುತ್ತಿದ ಎರಡು ಕಮೋಡು, ಕಟ್ಟಿಹಾಕಿದ ಒಂದು ಆಡು. ‘ಎಲ್ಲಿಗೆ?’ ಎಂದೆ. ‘ಕಡಮತ್ತಿಗೆ.’

ಬಿಳಿ ಮರಳಿಗೇ ಹೆಸರಾದ ಲಕ್ಷದ್ವೀಪಕ್ಕೆ ನಮ್ಮೂರಿನ ಹೊಯ್ಗೆ! ಅಲ್ಲಿನ ಮರಳು ಹವಳದ ಪುಡಿ. ಅದನ್ನು ಬಗೆದರೆ ದಂಡೆಯೇ ಸಮುದ್ರಕ್ಕೆ ಹೋಗುತ್ತದೆಂದು ತೆಗೆಯಲು ನಿಷೇಧವಿದೆ. ಹಿಂದೆ ಹವಳದ ಕಲ್ಲು ಕಡಿದು, ಅದನ್ನೇ ಸುಟ್ಟು ಸುಣ್ಣ ಮಾಡಿ ಗೋಡೆ ಎಬ್ಬಿಸುತ್ತಿದ್ದರು. ಈಗ ಕಾಂಕ್ರೀಟು, ಅದರ ಸಾಮಾನು ಬರುವುದು ಕಡಲ ಮೇಲೆ. ಹೀಗಾಗಿ ದ್ವೀಪದಲ್ಲಿ ಕಟ್ಟಡದ ಭರಾಟೆ ಎಷ್ಟೆಂದು ತಿಳಿಯಲು ವಿಮಾನ ಹತ್ತಬೇಕಿಲ್ಲ, ಬಂದರಿನಲ್ಲಿ ಒಂದು ಚಾ ಕುಡಿದರೆ ಸಾಕು.

ಜೊತೆಗೆ ಚಾ ಕುಡಿದವನು ಮಂಜಿಯಲ್ಲೇ ಊರಿಗೆ ಹೊರಟಿದ್ದ ದ್ವೀಪದ ಹುಡುಗ. ಅವನದು ಜೆಸೆರಿ, ಹಮಾಲರದು ಬ್ಯಾರಿ, ನನ್ನದು ಹರಕುಮುರುಕು ಮಲಯಾಳ. ಮೂರೂ ಸೇರಿ ಹೇಗೋ ಮಾತು ನಡೆಯಿತು. ಕಮೋಡು ಅವನದೇ. ಪ್ರವಾಸಿಗರಿಗೆಂದು ಎರಡು ಕೋಣೆ ಕಟ್ಟುತ್ತಿದ್ದಾನೆ. ‘ಜಾಗ ಯಾರದ್ದು?’ ಎಂದರೆ, ‘ಸೋಮವಾರದ್ದು’ ಅಂದ. ಯಾವುದೋ ಮನೆತನದ ಹೆಸರಿರಬೇಕು ಅಂದುಕೊಂಡೆ.

ಅಲ್ಲವಂತೆ. ಅಲ್ಲಿ ಸ್ವತ್ತಿಗೆ ವಾರಗಳಿವೆ. ತಾಯಿಯ ಕಡೆಯಿಂದ ಬಂದು ಇಡೀ ತರವಾಡಿಗೆ, ಅಂದರೆ ಕೂಡುಕುಟುಂಬಕ್ಕೆ, ಸೇರಿದ್ದು ಶುಕ್ರವಾರದ ಸ್ವತ್ತು, ಒಬ್ಬನೇ ಮಾರುವಂತಿಲ್ಲ. ತಾನು ದುಡಿದು ಗಳಿಸಿದ್ದು ಸೋಮವಾರದ್ದು, ಬೇಕಾದವರಿಗೆ ಕೊಡಬಹುದು. ಮುಸ್ಲಿಮರಾಗಿಯೂ ಅಳಿಯಕಟ್ಟು ಉಳಿಸಿಕೊಂಡ ಈ ಜನರ ಬಗ್ಗೆ ಮಾನವಶಾಸ್ತ್ರಜ್ಞೆ ಲೀಲಾ ದುಬೆ 1969ರಲ್ಲೇ ಪುಸ್ತಕ ಬರೆದಿದ್ದಾರೆ. ತುಳುನಾಡಿನವನಾದ ನನಗೆ ತರವಾಡು ಎಂಬ ಪದವೇನೂ ಹೊಸದಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದು ಪಾಲು ಕೇಳುವ ದಾರಿ ತೆರೆದ ಮೇಲೆ ನಮ್ಮ ಕುಟುಂಬಗಳ ಗದ್ದೆಗಳು ತುಂಡಾದ ಕಥೆ ಕೇಳುತ್ತಲೇ ಬೆಳೆದವನು ನಾನು. ಆದರೆ ನೆಲಕ್ಕೆ ವಾರದ ಹೆಸರು! ಅದರಲ್ಲೂ ಶುಕ್ರವಾರವೇ ಯಾಕೆ? ‘ಅಜ್ಜಿಯನ್ನು ಕೇಳಬೇಕು’ ಅಂದ. ಅಜ್ಜಿ ಇರುವುದು ಕಡಮತ್ತಿನಲ್ಲಿ, ನಾನು ಹೋಗಬೇಕಾದರೆ ಪರ್ಮಿಟ್ ಬೇಕು. ಬಂಗುಡೆ ಕೆಡುತ್ತಿದ್ದರೂ ನಾನು ಅದನ್ನೇ ಕೆದಕುತ್ತ ಕೂತೆ. ಕೋಣೆ ಕಟ್ಟಲು ಶುಕ್ರವಾರದ ಜಾಗ ಯಾಕೆ ಬೇಡ ಎಂದದ್ದಕ್ಕೆ ಅವನು ಬೆರಳು ಮಡಚಿ ಸಹಿ ಹಾಕಬೇಕಾದವರನ್ನು ಎಣಿಸತೊಡಗಿದ. ಚಿಕ್ಕಮ್ಮಂದಿರು, ಅವರ ಮಕ್ಕಳು, ಕೊಚ್ಚಿಯಲ್ಲಿರುವ ಮಾವ... ಎರಡೂ ಕೈ ಮುಗಿದವು.

ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು ಎಂಬುದನ್ನು ಮಂಗಳೂರು ಮರೆತಿದೆ. ಮಂಜಿ ಮರೆತಿಲ್ಲ.

ಲಕ್ಷದ್ವೀಪದಲ್ಲಿ ಜನವಸತಿಯ ಹತ್ತು ದ್ವೀಪ, ಎಲ್ಲ ಸೇರಿ 32 ಚದರ ಕಿಲೋಮೀಟರು ನೆಲ, 2011ರ ಗಣತಿಯಂತೆ 64 ಸಾವಿರ ಚಿಲ್ಲರೆ ಜನ. ಹೊರಗಿನವರು ಸುಮ್ಮನೆ ಹೋಗಿ ಜಾಗ ಕೊಳ್ಳುವಂತಿಲ್ಲ. ಹಾಗಾಗಿ ಪ್ರವಾಸೋದ್ಯಮದ ಒತ್ತಡ ಬೇರೆ ಬಾಗಿಲಿನಿಂದ ಬರುತ್ತದೆ. ಒಂದು ಬಾಗಿಲು ಸರ್ಕಾರದ ಗುತ್ತಿಗೆಯದು. ಸುಹೇಲಿ ಮತ್ತು ಕಡಮತ್ತಿನಲ್ಲಿ ತಲಾ 110 ಕೊಠಡಿಗಳ ತಾಜ್ ರೆಸಾರ್ಟ್‌ಗಳು 2023ರಲ್ಲಿ ಘೋಷಣೆಯಾದವು. ಮರುವರ್ಷ ಪ್ರಧಾನಿಯ ಸ್ನಾರ್ಕೆಲಿಂಗ್ ಚಿತ್ರ ಬಂತು, ದೇಶವೆಲ್ಲ ದ್ವೀಪವನ್ನು ಗೂಗಲ್‌ನಲ್ಲಿ ಹುಡುಕಿತು. ಇನ್ನೊಂದು ಬಾಗಿಲು ಪಂಡಾರ ಭೂಮಿಯದು. ದಾಖಲೆಯಲ್ಲಿ ಸರ್ಕಾರದ್ದು, ತಲೆತಲಾಂತರದಿಂದ ತೆಂಗು ನೆಟ್ಟವರು ದ್ವೀಪದವರು. 2024ರಲ್ಲಿ ಆಡಳಿತ ಅದನ್ನು ವಶಕ್ಕೆ ಪಡೆಯಹೊರಟಾಗ ವಿಷಯ ಕೇರಳ ಹೈಕೋರ್ಟ್ ಮೆಟ್ಟಿಲೇರಿತು. ದ್ವೀಪದವರ ನೆಲ ವಶಪಡಿಸಿಕೊಳ್ಳಲು ಅಧಿಕಾರ ಕೊಡುವಂತಿದ್ದ 2021ರ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮದ ಗಲಾಟೆಯನ್ನು ಓದುಗರು ಮರೆತಿರಲಾರರು.

ಮಾಲ್ಡೀವ್ಸ್ ತೋರಿಸಿ ‘ಅವರಂತೆ ನಾವೂ’ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. 1972ರಲ್ಲಿ ಶುರುವಾದ ಅಲ್ಲಿನ ರೆಸಾರ್ಟ್‌ಗಳು ನಿಂತದ್ದು ಜನವಿಲ್ಲದ ದ್ವೀಪಗಳಲ್ಲಿ. ಊರಿರುವ ದ್ವೀಪಗಳಿಗೆ ಗೆಸ್ಟ್‌ಹೌಸ್ ಬಂದದ್ದು 2009ರ ಹೊತ್ತಿಗೆ. ಅಲ್ಲಿರುವ ಸಾವಿರಕ್ಕೂ ಹೆಚ್ಚು ದ್ವೀಪಗಳಲ್ಲಿ ಆರಿಸಿಕೊಳ್ಳಲು ಜಾಗವಿತ್ತು, ಇಲ್ಲಿ ಇರುವುದೇ 36. ಮೇಲಾಗಿ ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುಪದರ. ಜಾಸ್ತಿ ಸೇದಿದರೆ ಉಪ್ಪು ಮೇಲೇರುತ್ತದೆ, ಪಕ್ಕದಲ್ಲೇ ಶೌಚದ ಗುಂಡಿ ತೋಡಿದರೆ ಆ ನೀರೇ ಕೆಡುತ್ತದೆ. ಹುಡುಗನ ಎರಡು ಕಮೋಡಿಗೆ ನನ್ನ ತಕರಾರಿಲ್ಲ, ಅದರ ಲಾಭನಷ್ಟ ಅವನ ಮನೆಯ ಬಾವಿಗೇ ತಟ್ಟುತ್ತದೆ. ಗುತ್ತಿಗೆ ಹಿಡಿದು ಬರುವವರ ಬಾವಿ ಬೇರೆಲ್ಲೋ ಇರುತ್ತದೆ.

ಬಂಗುಡೆ ಕೆಟ್ಟಿತು. ಮಂಜಿ ನೋಡುವ ಆಸೆಯಿದ್ದವರು ಮಳೆಗಾಲಕ್ಕೆ ಮುಂಚೆ ಬಂದರಿಗೆ ಹೋಗಿ. ಕಡಲು ಎದ್ದ ಮೇಲೆ ಹೊಯ್ಗೆ ಹೋಗುವುದಿಲ್ಲ, ಅಲ್ಲಿ ಗೋಡೆಯೂ ಏಳುವುದಿಲ್ಲ.