ಮಣ್ಣು ಬೇಡದ ಹೂಗಿಡ

ಮಕ್ಕಳೇ, ಗಿಡ ಬೆಳೆಯಲು ಏನೇನು ಬೇಕು? ನೀರು, ಗಾಳಿ, ಬೆಳಕು, ಮಣ್ಣು ಎಂದು ನೀವು ಥಟ್ಟನೆ ಹೇಳುವಿರಿ. ಆದರೆ ಕುಂಡದಲ್ಲಿ ಮಣ್ಣು ತುಂಬಿ ನೆಟ್ಟರೆ ಕೊಳೆತು ಸಾಯುವ ಹೂಗಿಡವೂ ಇದೆ ಎಂದರೆ ನಂಬುವಿರಾ? ಅದು ಆರ್ಕಿಡ್. ಈಗ ಅನೇಕರು ಇದನ್ನು ಮನೆಯೊಳಗೆ, ಕಿಟಕಿಯ ಬಳಿ ಇಟ್ಟು ಸಾಕುತ್ತಾರೆ. ಅದನ್ನು ಸಾಕುವುದು ಹೇಗೆಂದು ತಿಳಿಯೋಣ.

ಮರದ ಮೇಲಿನ ಅತಿಥಿ

ಜಗತ್ತಿನಲ್ಲಿ ಸುಮಾರು 28,000 ಜಾತಿಯ ಆರ್ಕಿಡ್‌ಗಳಿವೆ. ಕೆಲವು ನೆಲದ ಮೇಲೆ ಬೆಳೆಯುತ್ತವೆ. ಹೆಚ್ಚಿನವು ಮರದ ಕೊಂಬೆಗಳ ಮೇಲೆ ಬೆಳೆಯುತ್ತವೆ. ನಮ್ಮ ಪಶ್ಚಿಮ ಘಟ್ಟದ ಮರಗಳಲ್ಲಿ ಮಳೆಗಾಲದ ಆರಂಭಕ್ಕೆ ತಿಳಿ ಗುಲಾಬಿ ಬಣ್ಣದ ಹೂಗೊಂಚಲುಗಳು ನೇತಾಡುವುದನ್ನು ನೀವು ಕಂಡಿರಬಹುದು. ಅದೇ ಸೀತಾಳೆ ದಂಡೆ. ಅದೂ ಒಂದು ಆರ್ಕಿಡ್. ದೂರದ ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬದಂದು ಹೆಣ್ಣುಮಕ್ಕಳು ಮುಡಿಯುತ್ತಾರೆ. ಮಲಯಾಳದಲ್ಲಿ ಮರದ ಮೇಲಿನ ಆರ್ಕಿಡ್‌ಗಳಿಗೆ 'ಮರವಾಳ' ಎಂಬ ಹೆಸರಿದೆ. ಎಂದರೆ ಮರದ ಬಾಳೆ.

ಮರದ ಮೇಲೆ ಬೆಳೆಯುವುದರಿಂದ ಇದು ಮರದ ರಸವನ್ನು ಹೀರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ರಸ ಹೀರುವುದು ಬಂದಳಿಕೆ. ಆರ್ಕಿಡ್ ಮರದಿಂದ ಪಡೆಯುವುದು ಕುಳಿತುಕೊಳ್ಳುವ ಜಾಗ ಮಾತ್ರ. ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಹಾಗಾದರೆ ಅದಕ್ಕೆ ನೀರು ಎಲ್ಲಿಂದ ಸಿಗುತ್ತದೆ? ಅದರ ಬೇರುಗಳನ್ನು ನೋಡಿ. ಅವುಗಳ ಸುತ್ತ ಸ್ಪಂಜಿನಂತಹ ಹೊದಿಕೆಯಿದೆ. ಮಳೆ ಬಂದಾಗ ಈ ಹೊದಿಕೆ ನೀರನ್ನು ಹೀರಿಕೊಳ್ಳುತ್ತದೆ. ಆಗ ಬೇರು ಹಸಿರಾಗಿ ಕಾಣುತ್ತದೆ. ಗಾಳಿಗೆ ಒಣಗಿದಾಗ ಬೆಳ್ಳಿಯಂತೆ ಬಿಳುಪಾಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು: ಇದೇ ಈ ಬೇರಿನ ಬದುಕು. ಮಣ್ಣಿನಲ್ಲಿ ಹೂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ಸದಾ ಒದ್ದೆಯಾಗಿದ್ದು ಅದು ಕೊಳೆಯುತ್ತದೆ.

ಕುಂಡ ಹೇಗಿರಬೇಕು?

ಮನೆಯೊಳಗೆ ಬೆಳೆಸಲು ಸುಲಭವಾದುದು ಫೆಲನೋಪ್ಸಿಸ್ ಎಂಬ ಆರ್ಕಿಡ್. ಇದರ ಹೂ ರೆಕ್ಕೆ ಬಿಚ್ಚಿದ ಪತಂಗದಂತೆ ಕಾಣುತ್ತದೆ. ತಳದಲ್ಲಿ ಮತ್ತು ಬದಿಗಳಲ್ಲಿ ತೂತುಗಳಿರುವ ಮಣ್ಣಿನ ಕುಂಡವನ್ನು ಆರಿಸಿ. ಅದರಲ್ಲಿ ಇದ್ದಿಲಿನ ಚೂರು, ಇಟ್ಟಿಗೆಯ ಚೂರು ಮತ್ತು ತೆಂಗಿನ ಸಿಪ್ಪೆಯ ತುಂಡುಗಳನ್ನು ತುಂಬಿ. ಸಿಪ್ಪೆಯನ್ನು ಮೊದಲೇ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದುಕೊಳ್ಳಿ. ಈ ಚೂರುಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಹಳೆಯ ಚೂರುಗಳನ್ನು ತೆಗೆದು ಹೊಸತನ್ನು ತುಂಬಬೇಕು.

ಬೆಳಕು ಎಷ್ಟು ಬೇಕು?

ಕಾಡಿನಲ್ಲಿ ಈ ಗಿಡಕ್ಕೆ ಎಲೆಗಳ ನಡುವಿನಿಂದ ಸೋಸಿ ಬಂದ ಬೆಳಕು ಸಿಗುತ್ತದೆ. ಮನೆಯಲ್ಲೂ ಅಂತಹ ಬೆಳಕೇ ಬೇಕು. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಒಳ್ಳೆಯದು. ಮಧ್ಯಾಹ್ನದ ಸುಡುಬಿಸಿಲು ತಾಗಬಾರದು. ಬೆಳಕು ಸಾಕೋ ಇಲ್ಲವೋ ಎಂಬುದನ್ನು ಎಲೆಗಳೇ ಹೇಳುತ್ತವೆ. ಎಲೆ ಕಡು ಹಸಿರಾಗಿದ್ದರೆ ಬೆಳಕು ಸಾಲದು. ಹಳದಿಯಾಗಿ ಸುಟ್ಟ ಕಲೆಗಳು ಬಿದ್ದರೆ ಬಿಸಿಲು ಹೆಚ್ಚಾಗಿದೆ.

ನೀರು ಯಾವಾಗ?

ಪ್ರೀತಿಯಿಂದ ದಿನವೂ ನೀರು ಹೊಯ್ದರೆ ಈ ಗಿಡ ಉಳಿಯದು. ಮನೆಯಲ್ಲಿ ಆರ್ಕಿಡ್‌ಗಳು ಬಾಯಾರಿಕೆಗಿಂತ ಹೆಚ್ಚಾಗಿ ಅತಿಯಾದ ನೀರಿನಿಂದಲೇ ಸಾಯುತ್ತವೆ. ಬೇರು ಬಿಳುಪಾದ ಮೇಲೆ ಮಾತ್ರ ನೀರು ಕೊಡಿ. ಸಾಮಾನ್ಯವಾಗಿ ವಾರಕ್ಕೊಮ್ಮೆ ಸಾಕು. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಬೆಳಗಿನ ಹೊತ್ತು ನೀರು ಹೊಯ್ಯಿರಿ. ತೂತುಗಳಿಂದ ನೀರೆಲ್ಲ ಬಸಿದು ಹೋಗಲಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಅದನ್ನು ಬಟ್ಟೆಯಿಂದ ಒರೆಸಿರಿ.

ಹೂ ಉದುರಿದ ಮೇಲೆ

ಫೆಲನೋಪ್ಸಿಸ್ ಹೂಗಳು ಎರಡು ಮೂರು ತಿಂಗಳು ಬಾಡದೆ ಇರುತ್ತವೆ. ಕೊನೆಗೊಂದು ದಿನ ಎಲ್ಲವೂ ಉದುರುತ್ತವೆ. ಗಿಡ ಸತ್ತಿತೆಂದು ಆಗ ಅದನ್ನು ಎಸೆಯುವವರಿದ್ದಾರೆ. ನೀವು ಹಾಗೆ ಮಾಡಬೇಡಿ. ಎಲೆ ಹಸಿರಾಗಿದ್ದು ಬೇರು ಗಟ್ಟಿಯಾಗಿದ್ದರೆ ಗಿಡ ಜೀವಂತವಾಗಿದೆ. ಅದು ಹೊಸ ಎಲೆ, ಹೊಸ ಬೇರು ಬಿಡುತ್ತಾ ಮುಂದಿನ ಹೂವಿಗೆ ಸಿದ್ಧವಾಗುತ್ತಿರುತ್ತದೆ. ಕೆಲವು ವಾರಗಳ ಕಾಲ ತಂಪಾದ ರಾತ್ರಿಗಳು ಸಿಕ್ಕಿದರೆ ಎಲೆಯ ಬುಡದಿಂದ ಹೊಸ ಹೂದಂಟು ಮೂಡುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ಕಾಡಿನ ಗಿಡ ಕಾಡಿನಲ್ಲಿರಲಿ

ಮರದಲ್ಲಿರುವ ಸೀತಾಳೆಯನ್ನು ಕಿತ್ತು ತಂದರೆ ಆಗದೇ ಎಂದು ನಿಮಗೆ ಅನಿಸಬಹುದು. ಆರ್ಕಿಡ್ ಕಾಯಿಯಲ್ಲಿ ಧೂಳಿನಂತಹ ಸಾವಿರಾರು ಬೀಜಗಳಿರುತ್ತವೆ. ಆದರೆ ಆ ಬೀಜಗಳೊಳಗೆ ಮೊಳಕೆಗೆ ಬೇಕಾದ ಆಹಾರವಿಲ್ಲ. ಹೊಂದಿಕೆಯಾಗುವ ಶಿಲೀಂಧ್ರ ಸಿಕ್ಕಿದರೆ ಮಾತ್ರ ಅವು ಮೊಳೆಯುತ್ತವೆ. ಸಾವಿರಾರು ಬೀಜಗಳಲ್ಲಿ ಗಿಡವಾಗುವುದು ಎಲ್ಲೋ ಒಂದೆರಡು. ಅದು ಹೂ ಬಿಡಲು ಮತ್ತೆ ಹಲವು ವರ್ಷಗಳು ಬೇಕು. ಕಿತ್ತು ತಂದ ಗಿಡ ಬೇರು ಹರಿದುಕೊಂಡು ಮನೆಯಲ್ಲಿ ಸಾಯುವುದೇ ಹೆಚ್ಚು. ಮನೆಯಲ್ಲಿ ಸಾಕಲು ನರ್ಸರಿಯಲ್ಲಿ ಬೆಳೆಸಿದ ಸಸಿಗಳೇ ಸಿಗುತ್ತವೆ. ಕಾಡಿನ ಹೂವನ್ನು ಕಾಡಿನಲ್ಲಿಯೇ ನೋಡಿ ಆನಂದಿಸೋಣ.

ಮಾಡಿ ನೋಡಿ

ನಿಮ್ಮ ಶಾಲೆ ಅಥವಾ ಮನೆಯ ಸುತ್ತಲಿನ ಹಳೆಯ ಮಾವು, ಹಲಸಿನ ಮರಗಳನ್ನು ಗಮನಿಸಿರಿ. ಅವುಗಳ ಮೇಲೆ ಬೇರೆ ಗಿಡಗಳಿವೆಯೇ? ಅವು ಬಂದಳಿಕೆಯೋ ಆರ್ಕಿಡ್ಡೋ? ಬೇರು ಮರದೊಳಕ್ಕೆ ಇಳಿದಿದೆಯೇ, ತೊಗಟೆಯ ಮೇಲೆ ಹರಡಿದೆಯೇ? ಕಿತ್ತು ನೋಡದೆ, ನಿಂತು ನೋಡಿ ಬರೆಯಿರಿ.