ಮಕ್ಕಳ ಮೊಳಕೈ ಸೊಟ್ಟಗಾದರೆ

ಮಕ್ಕಳಿರುವ ಮನೆಯಲ್ಲಿ ಬೀಳದ ದಿನವಿಲ್ಲ. ಜಗಲಿಯಿಂದ ಹಾರುವರು, ಸೀಬೆಯ ಮರ ಹತ್ತುವರು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರುವರು. ಬಿದ್ದು, ಅತ್ತು, ಎದ್ದು, ಮತ್ತೆ ಓಡುವರು. ಇಂಥ ಪೆಟ್ಟುಗಳಲ್ಲಿ ಬಹುಪಾಲಿಗೆ ತಾಯಿಯ ಸೆರಗೇ ಔಷಧ. ಆದರೆ ಅಂಗೈಯೂರಿ ಬಿದ್ದ ಮಗುವು ಮೊಳಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಯಾರಿಗೂ ಮುಟ್ಟಗೊಡದೆ ಕುಳಿತರೆ, ಅದನ್ನು ಸಾಮಾನ್ಯವಾದ ಉಳುಕೆಂದು ಎಣಿಸತಕ್ಕದ್ದಲ್ಲ.

ನನ್ನ ಅಕ್ಕನ ಮೊಮ್ಮಗಳು ಐದು ವರ್ಷದವಳಿದ್ದಾಗ ಹೀಗೆಯೇ ಎಡಗೈಯೂರಿ ಬಿದ್ದಳು. ಪಕ್ಕದ ಊರಿನಲ್ಲಿ ಎಲುಬು ಕಟ್ಟುವವರೊಬ್ಬರು ಬಿದಿರಿನ ದಬ್ಬೆಯಿಟ್ಟು ಬಟ್ಟೆ ಸುತ್ತಿದರು. ಕೆಲವು ವಾರಗಳಲ್ಲಿ ನೋವು ಹೋಯಿತು, ಕೈಯನ್ನು ಮಡಿಸಲು ಚಾಚಲು ಬಂದಿತು, ಮನೆಯವರು ನಿಶ್ಚಿಂತರಾದರು. ಒಂದು ದಿನ ಸ್ನಾನ ಮಾಡಿಸುತ್ತಿದ್ದ ತಾಯಿಗೆ ಮಗಳ ಎರಡು ಕೈಗಳೂ ಒಂದೇ ತೆರನಾಗಿಲ್ಲವೆಂಬುದು ಗೋಚರವಾಯಿತು. ಬಲಗೈ ಮೊಳಕೈಯಿಂದ ಕೆಳಗೆ ಸ್ವಲ್ಪ ಹೊರಕ್ಕೆ ವಾಲಿದ್ದರೆ ಎಡಗೈ ಒಳಕ್ಕೆ ಬಾಗಿದ್ದಿತು. ಬೆಳೆಯುತ್ತ ಬೆಳೆಯುತ್ತ ಸರಿಹೋಗುವುದೆಂದು ಬಂದವರೆಲ್ಲರೂ ಸಮಾಧಾನ ಹೇಳಿದರು. ಮಗು ಮೂರು ವರ್ಷ ಬೆಳೆದಳು, ಕೈ ಸರಿಹೋಗಲಿಲ್ಲ. ಅಷ್ಟರಲ್ಲಿ ಶಾಲೆಯ ಹುಡುಗರು ಅವಳಿಗೆ ಒಂದು ಅಡ್ಡಹೆಸರನ್ನಿಟ್ಟಿದ್ದರು. ಅವಳು ವೈಶಾಖದ ಸೆಕೆಯಲ್ಲಿಯೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿಯನ್ನೇ ಬೇಡುತ್ತಿದ್ದಳು.

ಈ ವಿಷಯವನ್ನು ತಿಳಿಯಬೇಕಾದರೆ ವಾಚಕರು ಮೊದಲು ತಮ್ಮ ಕೈಯನ್ನೇ ನೋಡಿಕೊಳ್ಳಲಿ. ಅಂಗೈಯನ್ನು ಮುಂದುಮಾಡಿ ತೋಳನ್ನು ಇಳಿಬಿಟ್ಟು ನಿಂತರೆ, ಮುಂಗೈಯು ಮೇಲುತೋಳಿನ ನೇರಕ್ಕೆ ಇರದೆ ಸುಮಾರು 5 ರಿಂದ 15 ಡಿಗ್ರಿಗಳಷ್ಟು ಹೊರಕ್ಕೆ ಓರೆಯಾಗಿರುವುದು. ಹೆಂಗಸರಲ್ಲಿ ಈ ಓರೆ ತುಸು ಹೆಚ್ಚು. ಇದು ಪ್ರಕೃತಿಯ ಏರ್ಪಾಡು. ಮೇಲುತೋಳಿನ ಎಲುಬು ಮೊಳಕೈಯ ಬಳಿ ಅಗಲವಾಗಿ, ಆದರೆ ಬಹಳ ತೆಳುವಾಗಿ ಕೊನೆಗೊಳ್ಳುವುದು. ಮುಂದೊಂದು ಹಿಂದೊಂದು ಗುಳಿ, ನಡುವೆ ಉಳಿಯುವುದು ಹಪ್ಪಳದಂಥ ಎಲುಬು. ಐದರಿಂದ ಏಳು ವರ್ಷದ ಮಕ್ಕಳು ಚಾಚಿದ ಕೈಯ ಮೇಲೆ ಬಿದ್ದಾಗ ಸಾಮಾನ್ಯವಾಗಿ ಮುರಿಯುವುದು ಈ ಸ್ಥಳವೇ. ಮಕ್ಕಳ ಮೊಳಕೈಯ ಸುತ್ತಿನ ಅಸ್ಥಿಭಂಗಗಳಲ್ಲಿ ಇದಕ್ಕೇ ಅಗ್ರಸ್ಥಾನ.

ಮುರಿದ ಕೆಳತುಂಡು ಒಳಮಗ್ಗುಲಿಗೆ ವಾಲಿ, ತುಸು ತಿರುಚಿಕೊಂಡು, ಹಾಗೆಯೇ ಕೂಡಿಬಿಟ್ಟರೆ ಹೊರಕ್ಕಿರಬೇಕಾದ ಓರೆ ಒಳಕ್ಕಾಗುವುದು. ಕೋವಿಯ ಮರದ ಹಿಡಿಯಂತೆ ಕಾಣುವುದರಿಂದ ಪಾಶ್ಚಾತ್ಯ ವೈದ್ಯರು ಇದಕ್ಕೆ ಆ ಹೆಸರನ್ನೇ ಕೊಟ್ಟಿರುವರು. ಕೈ ಬೆಳೆಯುತ್ತ ಸೊಟ್ಟಗಾಯಿತೆಂದು ಜನರು ಭಾವಿಸುವರಾದರೂ, ಬಹುಮಟ್ಟಿಗೆ ಅದು ಸೊಟ್ಟಗೆ ಬೆಳೆದದ್ದಲ್ಲ, ಸೊಟ್ಟಗೆ ಕೂಡಿದ್ದು. ಊತವಿದ್ದಾಗ, ಕೈ ಮಡಿಸಿ ಕಟ್ಟಿದ್ದಾಗ ಕಾಣದಿದ್ದ ದೋಷ, ಕೈ ಪೂರ್ತಿ ಚಾಚಲು ಬಂದ ದಿನ ಕಾಣುವುದು, ಅಷ್ಟೆ.

ಹಾಗಾದರೆ ಬೆಳವಣಿಗೆಯೇ ಅದನ್ನು ತಿದ್ದದೇಕೆ? ಮಕ್ಕಳ ಎಲುಬು ತನ್ನನ್ನು ತಾನೇ ತಿದ್ದಿಕೊಳ್ಳುವುದೆಂಬುದು ಸುಳ್ಳಲ್ಲ. ಆದರೆ ಮೇಲುತೋಳಿನ ಎಲುಬಿನ ಉದ್ದದಲ್ಲಿ ನೂರಕ್ಕೆ ಸುಮಾರು 80 ಪಾಲು ಬೆಳೆಯುವುದು ಭುಜದ ತುದಿಯಲ್ಲಿ; ಮೊಳಕೈಯ ತುದಿಯ ಪಾಲು ಸುಮಾರು 20 ಮಾತ್ರ. ಮೇಲಾಗಿ, ಕೀಲು ಮಡಿಯುವ ದಿಕ್ಕಿನಲ್ಲಿರುವ ಡೊಂಕು ಕಾಲಕ್ರಮದಲ್ಲಿ ಕೊಂಚ ತಿದ್ದಿಕೊಂಡೀತು. ಪಕ್ಕಕ್ಕೆ ವಾಲಿದ್ದು ತಿದ್ದಿಕೊಳ್ಳದು. ಎಣ್ಣೆ ನೀವಿದರೂ ತೂಕ ಕಟ್ಟಿದರೂ ಪ್ರಯೋಜನವಿಲ್ಲ. ತಿದ್ದುವುದಾದರೆ ಶಸ್ತ್ರಕ್ರಿಯೆಯೊಂದೇ ಮಾರ್ಗ.

ತಿದ್ದಲೇಬೇಕೆ ಎಂಬುದು ಬೇರೆಯೇ ಪ್ರಶ್ನೆ. ಸತ್ಯವನ್ನು ಮರೆಮಾಚುವುದು ತರವಲ್ಲ: ಇಂಥ ಕೈಯಿಂದ ಬರೆಯಬಹುದು, ನೀರು ಸೇದಬಹುದು, ಭಾರ ಎತ್ತಬಹುದು. ಅನೇಕರು ಹೀಗೆಯೇ ಬದುಕು ಸಾಗಿಸಿದ್ದಾರೆ. ಆದಕಾರಣ ಇದು ಬರಿಯ ಅಂದಚೆಂದದ ಮಾತೆಂದು ಹಿಂದಿನ ವೈದ್ಯರು ಕೈಬಿಡುತ್ತಿದ್ದುದುಂಟು. ಆದರೆ ವಾಲಿದ ಕೀಲಿನ ಹೊರಮಗ್ಗುಲಿನ ಬಂಧಗಳು ವರ್ಷಾನುಗಟ್ಟಲೆ ಜಗ್ಗಿಸಿಕೊಂಡು, ಎರಡು ಮೂರು ದಶಕಗಳ ಮೇಲೆ ಮೊಳಕೈ ಜಾರುವಂತೆ ಸಡಿಲವಾಗಬಹುದೆಂದು 2001 ರಲ್ಲಿ ಓಡ್ರಿಸ್ಕಾಲ್ ಮೊದಲಾದ ಶಸ್ತ್ರವೈದ್ಯರು ತೋರಿಸಿಕೊಟ್ಟರು. ಮೊಳಕೈ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನಿಸುವ ಆ ನರವೂ ಕೆಲವರಲ್ಲಿ ಬಹುಕಾಲದ ತರುವಾಯ ಬಾಧೆಗೊಳಗಾಗುವುದು. ನಮ್ಮ ನೆಂಟರಿಷ್ಟರಲ್ಲಿ ಹುಡುಗಿಯ ಮದುವೆಯ ಚಿಂತೆ ಮಾಡಿದವರು ಐವರು. ಈ ನರದ ವಿಷಯ ಕೇಳಿದವರು ಒಬ್ಬರೂ ಇಲ್ಲ. ಎಂಟು ವರ್ಷದ ಮಗುವಿಗೆ ತನ್ನ ಕೈಯನ್ನು ಕಂಡರೆ ನಾಚಿಕೆಯಾಗುವುದಾದರೆ ಅದೂ ಒಂದು ಕಾರಣವೇ ಎಂದು ನನ್ನ ಮತ.

ಶಸ್ತ್ರಕ್ರಿಯೆಯ ಮಾತೆತ್ತಿದೊಡನೆ ಅಕ್ಕ ಕೆಂಡವಾದಳು. "ಕೂಡಿದ ಎಲುಬನ್ನು ಬೇಕೆಂದು ಯಾರಾದರೂ ಮತ್ತೆ ಮುರಿಸುವರೇನೋ? ನಿನಗೆ ಬುದ್ಧಿ ನೆಟ್ಟಗಿದೆಯೇ?" ಎಂದಳು. ಎಕ್ಸ್‌ರೇ ಚಿತ್ರ ತೋರಿಸಿದರೆ ನೋಡಲೂ ಇಲ್ಲ. ಕೊನೆಗೆ ನೆರವಾದವನು ಸುಶ್ರುತ. ಅವನ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಎಲುಬಿಗಾಗಿಯೇ ಒಂದು ಅಧ್ಯಾಯವುಂಟು. ಉದ್ದನೆಯ ಎಲುಬು ಅಂಕುಡೊಂಕಾಗಿ ಕೂಡಿಕೊಂಡಿದ್ದರೆ ಅದನ್ನು ಮತ್ತೆ ಮುರಿದು ನೆಟ್ಟಗೆ ಕೂಡಿಸಿ ಹೊಸ ಭಂಗದಂತೆಯೇ ಉಪಚರಿಸಬೇಕೆಂದು ಅಲ್ಲಿ ಹೇಳಿದೆ. ಇಂದಿನ ವೈದ್ಯರು ಮುರಿಯುವುದಿಲ್ಲ, ಅಳೆದು ಕೊಯ್ಯುವರು. ಆದರೂ ಭಾವ ಒಂದೇ. ಇದನ್ನು ಓದಿ ಹೇಳಿದ ಮೇಲೆ ಅಕ್ಕ ಒಪ್ಪದಿದ್ದರೂ ಸುಮ್ಮನಾದಳು.

ಕ್ರಮ ಹೀಗಿರುವುದು. ಅಸ್ಥಿಭಂಗವಾಗಿ ಸುಮಾರು ಒಂದು ವರ್ಷವಾದರೂ ಕಳೆದು, ಕೀಲಿನ ಚಲನೆ ಪೂರ್ತಿ ಮರಳಿರಬೇಕು. ಎರಡು ಕೈಗಳ ಚಿತ್ರವನ್ನೂ ತೆಗೆದು ಕೋನಗಳನ್ನು ಅಳೆಯುವರು, ಏಕೆಂದರೆ ಸೊಟ್ಟ ಕೈಗೆ ಮೇಲ್ಪಂಕ್ತಿ ಅದೇ ಮಗುವಿನ ಇನ್ನೊಂದು ಕೈ. ನಮ್ಮ ಹುಡುಗಿಯ ಎಡಗೈ ಒಳಕ್ಕೆ 18 ಡಿಗ್ರಿ, ಬಲಗೈ ಹೊರಕ್ಕೆ 10 ಡಿಗ್ರಿ. ಎರಡನ್ನೂ ಕೂಡಿಸಿದರೆ ತಿದ್ದಬೇಕಾದ್ದು 28. ಅರಿವಳಿಕೆ ಕೊಟ್ಟು ಮೊಳಕೈಯ ಮೇಲುಗಡೆ ಹೊರಮಗ್ಗುಲಿನಿಂದ ಅಷ್ಟೇ ಕೋನದ ಬೆಣೆಯಾಕಾರದ ಎಲುಬಿನ ಚೂರನ್ನು ಕೊಯ್ದು ತೆಗೆಯುವರು. ಒಳಮಗ್ಗುಲಿನ ಅಂಚನ್ನು ಬಾಗಿಲಿನ ಕೀಲಿನಂತೆ ಉಳಿಸಿಕೊಂಡು ತೆರವನ್ನು ಮುಚ್ಚಿದರೆ ಮುಂಗೈ ತನ್ನ ಸ್ಥಾನಕ್ಕೆ ಬರುವುದು. ಬಡಗಿಯ ಕೆಲಸವೆಂದು ತೋರಬಹುದು. ಆದರೆ ಆ ಬೆರಳೆರಡು ಅಗಲದ ಸ್ಥಳದಲ್ಲಿ ಮೂರು ನರಗಳೂ ಮುಖ್ಯ ರಕ್ತನಾಳವೂ ಹಾದುಹೋಗುವುವು. ತುಂಡುಗಳು ಕದಲದಂತೆ ಹಿಡಿದಿಡುವುದಕ್ಕೆ ಫ್ರೆಂಚ್ ಎಂಬ ವೈದ್ಯರು 1959 ರಲ್ಲಿ ಎರಡು ತಿರುಪುಗಳನ್ನು ತಂತಿಯಿಂದ ಬಿಗಿಯುವ ವಿಧಾನವನ್ನು ಪ್ರಕಟಿಸಿದರು. ಉಕ್ಕಿನ ಕಡ್ಡಿಗಳನ್ನು ಚುಚ್ಚುವುದೂ ಉಂಟು, ದೊಡ್ಡ ಮಕ್ಕಳಿಗೆ ಲೋಹದ ಪಟ್ಟಿ ಹಾಕುವುದೂ ಉಂಟು. ಬೆಣೆ ತೆಗೆದ ಕಡೆ ಹೊರಮಗ್ಗುಲಿನಲ್ಲಿ ಎಲುಬು ಉಬ್ಬಿ ಕಾಣಬಹುದಾದ್ದರಿಂದ, ಕೆಲವರು ಕಮಾನಿನಾಕಾರದಲ್ಲಿ ಕೊಯ್ದು ತಿರುಗಿಸುವರು.

ಅಪಾಯಗಳನ್ನೂ ಕೇಳಿ ತಿಳಿಯತಕ್ಕದ್ದು. ನರಕ್ಕೆ ನೋವಾಗಿ ಬೆರಳುಗಳು ಕೆಲಕಾಲ ಜೋಮು ಹಿಡಿಯಬಹುದು, ಕೀವಾಗಬಹುದು, ತಂತಿ ಸಡಿಲಿ ತಿದ್ದಿದ್ದು ಮತ್ತೆ ವಾಲಬಹುದು, ಕಲೆಯಂತೂ ಉಳಿಯುವುದು.

ಇಷ್ಟೆಲ್ಲ ತೊಡಕು ಬಾರದಿರಬೇಕಾದರೆ ಮೊದಲ ದಿನವೇ ಎಚ್ಚರ ಬೇಕು. ಗಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯರು 1959 ರಲ್ಲಿ ಈ ಭಂಗವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಕದಲದೆ ಇರುವುದಕ್ಕೆ ಸುಮಾರು ಮೂರು ವಾರದ ಪ್ಲಾಸ್ಟರೇ ಸಾಕು. ಪೂರ್ತಿ ಸರಿದದ್ದನ್ನು ಅರಿವಳಿಕೆ ಕೊಟ್ಟು ಕೂಡಿಸಿ, ಚರ್ಮದ ಮೂಲಕ ಕಡ್ಡಿ ತೂರಿಸಿ, ಮೂರು ನಾಲ್ಕು ವಾರಗಳಲ್ಲಿ ಕಿತ್ತುಹಾಕುವರು. ಸೊಟ್ಟಿಗಿಂತ ಭೀಕರವಾದುದು ಬಿಗಿಯಾದ ಕಟ್ಟು. ರಕ್ತಸಂಚಾರ ತಡೆದು ಮುಂಗೈಯ ಸ್ನಾಯುಗಳು ಸತ್ತು ಬೆರಳುಗಳು ಕೊಕ್ಕೆಯಂತಾಗುವ ಈ ವಿಪತ್ತನ್ನು ಜರ್ಮನಿಯ ಫೋಕ್‌ಮನ್ ಎಂಬವರು 1881 ರಲ್ಲಿ ವರ್ಣಿಸಿದರು. ಸಡಿಲವಾದ ಕಟ್ಟಿನಿಂದ ಸಂಧಿ ನಿಲ್ಲದು, ಅತಿಬಿಗಿಯಿಂದ ಊತ, ನೋವು, ಕೀವು ಬರುವುವೆಂದು ಸುಶ್ರುತನೂ ಎಚ್ಚರಿಸಿದ್ದಾನೆ. ಕಟ್ಟಿದ ಮೇಲೆ ನೋವು ಇಳಿಯದೆ ಏರುತ್ತಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಬೆರಳನ್ನು ನಾವು ಮೆಲ್ಲನೆ ನೆಟ್ಟಗೆ ಮಾಡಿದಾಗ ಮಗು ಚೀರಿದರೆ, ಬೆಳಗಾಗಲೆಂದು ಕಾಯಲಾಗದು. ಕೂಡಲೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಅದಕ್ಕೆ ಗಳಿಗೆಗಳ ಲೆಕ್ಕ. ಗಾಯಗೊಂಡ ಮೊಳಕೈಗೆ ಎಣ್ಣೆ ಹಚ್ಚಿ ತಿಕ್ಕುವುದಂತೂ ಕೂಡದು. ಅದರಿಂದ ಸ್ನಾಯುವಿನಲ್ಲಿಯೇ ಎಲುಬು ಕಟ್ಟಿಕೊಂಡು ಕೀಲು ಬಿಗಿಯಬಹುದು.

ನಮ್ಮ ಹುಡುಗಿಗೆ ಐದು ವಾರ ಪ್ಲಾಸ್ಟರಿದ್ದಿತು. ಬಿಚ್ಚಿದ ದಿನ ಮೊಳಕೈ ಬಾಗಲೊಲ್ಲದು; ತಾಯಿ ಅತ್ತಳು, ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಯಾರೂ ಎಳೆಯಬಾರದು, ಮಗು ತಾನೇ ಆಡುತ್ತ ಮಡಿಸಿಕೊಳ್ಳಲಿ ಎಂದು ವೈದ್ಯರು ಹೇಳಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಅವಳ ಕೈ ತಾನಾಗಿ ಹೆಗಲು ಮುಟ್ಟುತ್ತಿದ್ದಿತು. ಹೊರಮಗ್ಗುಲಿನಲ್ಲಿ ಬೆರಳುದ್ದದ ಕಲೆಯೊಂದು ಉಳಿದಿದೆ. ಈ ಸಲ ಹಬ್ಬದ ಬಟ್ಟೆಗೆ ಅಳತೆ ಕೊಡಲು ಹೋದಾಗ, ತೋಳು ಗಿಡ್ಡವಾಗಿರಲಿ ಎಂದು ದರ್ಜಿಗೆ ಅವಳೇ ಹೇಳಿದಳಂತೆ.