ವಾಯಿದೆ ವ್ಯಾಪಾರಕ್ಕೆ ಬಂಡವಾಳವೆಷ್ಟು?

ಕಳೆದ ಭಾನುವಾರ ಸಂಜೆ, ಕಾಫಿಯ ಹೊತ್ತಿಗೆ ಸರಿಯಾಗಿ ನನ್ನ ಭಾವಮೈದುನ ಬಂದು ಕುಳಿತ. ನಾಲ್ಕು ವರ್ಷದ ಸಂಬಳದಲ್ಲಿ ಕೂಡಿಟ್ಟ ಎರಡೂವರೆ ಲಕ್ಷ ರೂಪಾಯಿ ಅವನ ಬಳಿಯಿದೆ. ಅದನ್ನು ಷೇರುಪೇಟೆಯ ಫ್ಯೂಚರ್ಸ್, ಎಂದರೆ ವಾಯಿದೆ ವ್ಯಾಪಾರದಲ್ಲಿ ತೊಡಗಿಸಿ, ಬೆಳಗ್ಗೆ ಕೊಂಡು ಮಧ್ಯಾಹ್ನದೊಳಗೆ ಮಾರಿ ಲಾಭ ಗಳಿಸಬೇಕೆಂಬುದು ಅವನ ಹಂಬಲ. “ದಲ್ಲಾಳಿ ಕೇಳುವುದು ಎರಡು ಲಕ್ಷ ಚಿಲ್ಲರೆ ಮಾತ್ರ, ಭಾವ. ಸಾಲದೆ ಬಂದರೆ ಅಮ್ಮನ ಬಳೆಗಳಿವೆ” ಎಂದ. ಅಡಿಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಗಣ, ಮಾತ್ರೆಗಳನ್ನು ಎಣಿಸುವ ಕನ್ನಡ ಮೇಷ್ಟ್ರಿಗೆ ಈ ವಿಷಯವೇಕೆಂದು ವಾಚಕರು ನಗಬಹುದು. ಆದರೆ ಇದರಲ್ಲಿರುವ ಲೆಕ್ಕ ಗುಣಾಕಾರವನ್ನು ದಾಟಿ ಹೋಗುವಂಥದಲ್ಲ.

ವಾಯಿದೆಯೆಂಬುದು ಹೊಸದೇನೂ ಅಲ್ಲ. ಜಪಾನಿನ ಒಸಾಕಾ ನಗರದ ದೋಜಿಮಾ ಪೇಟೆಯಲ್ಲಿ ಅಕ್ಕಿಯ ವಾಯಿದೆಗೆ 1730ರಲ್ಲೇ ಸರಕಾರದ ಒಪ್ಪಿಗೆ ದೊರೆತಿತ್ತು. ಮುಂದೆ ಕೈಸೇರುವ ಸರಕಿಗೆ ಇಂದೇ ಬೆಲೆ ಕಟ್ಟಿಕೊಂಡು ನಿಶ್ಚಿಂತರಾಗಿರುವುದು ಅದರ ಮೂಲೋದ್ದೇಶ. ನಮ್ಮ ದೇಶದಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ನಿಫ್ಟಿ ಸೂಚ್ಯಂಕದ ವಾಯಿದೆಯನ್ನು 2000ದ ಜೂನ್ 12ರಂದು ಆರಂಭಿಸಿತು. ಇಲ್ಲಿ ಮೂಟೆಯೂ ಇಲ್ಲ, ಗಾಡಿಯೂ ಇಲ್ಲ. 50 ಕಂಪನಿಗಳ ಷೇರುಬೆಲೆಯಿಂದ ಕಟ್ಟಿದ ಒಂದು ಸಂಖ್ಯೆ ಏರಿದರೆ ಕೊಂಡವನಿಗೆ ಹಣ, ಇಳಿದರೆ ಮಾರಿದವನಿಗೆ.

ಬಿಡಿಬಿಡಿಯಾಗಿ ಕೊಳ್ಳುವಂತಿಲ್ಲ, ಲಾಟಿನ ಲೆಕ್ಕದಲ್ಲೇ ಕೊಳ್ಳಬೇಕು. ಒಂದು ಲಾಟಿನ ಮೌಲ್ಯ 15 ಲಕ್ಷ ರೂಪಾಯಿಗೆ ಕಡಿಮೆಯಿರಬಾರದೆಂದು ಸೆಬಿ 2024ರ ಅಕ್ಟೋಬರಿನಲ್ಲಿ ವಿಧಿಸಿದ ಮೇಲೆ, ಆ ನವೆಂಬರಿನಲ್ಲಿ ನಿಫ್ಟಿಯ ಲಾಟು 25ರಿಂದ 75ಕ್ಕೆ ಏರಿತು. ನಾನು ಹಾಳೆ ತೆಗೆದುಕೊಂಡು ಈ 75ನ್ನೇ ಹಿಡಿದು ಲೆಕ್ಕಕ್ಕೆ ತೊಡಗಿದೆ. ಸೂಚ್ಯಂಕ 24,000 ಎಂದಿಟ್ಟುಕೊಂಡರೆ ಒಂದು ಲಾಟಿನ ಮೌಲ್ಯ 18 ಲಕ್ಷ. ಅದರ ಮೇಲೆ ಕಟ್ಟಬೇಕಾದ ಮಾರ್ಜಿನ್ ನೂರಕ್ಕೆ 12ರಂತೆ 2,16,000. ಪೇಟೆ ಕದಡಿದಾಗ ಈ ಪ್ರಮಾಣವೂ ಏರುತ್ತದೆ. ದಿನದೊಳಗೇ ಮುಗಿಸುವ ವಹಿವಾಟಿಗೆ ದಲ್ಲಾಳಿಗಳು ಇದರಲ್ಲೂ ರಿಯಾಯಿತಿ ಕೊಡುತ್ತಿದ್ದ ಕಾಲವೊಂದಿತ್ತು. 2021ರ ಸೆಪ್ಟೆಂಬರಿಗೆ ಆ ಬಾಗಿಲು ಮುಚ್ಚಿತು.

ಭಾವಮೈದುನ ಹೇಳಿದ “ಎರಡು ಲಕ್ಷ ಚಿಲ್ಲರೆ” ಇದೇ. ಅವನು ಮರೆತದ್ದು ಆ ಹದಿನೆಂಟು ಲಕ್ಷವನ್ನು. ಲಾಭನಷ್ಟಗಳು ನಡೆಯುವುದು ಕಟ್ಟಿದ ಎರಡು ಲಕ್ಷದ ಮೇಲಲ್ಲ, ಹೊತ್ತ ಹದಿನೆಂಟರ ಮೇಲೆ. ಸೂಚ್ಯಂಕ ನೂರಕ್ಕೆ ಒಂದರಷ್ಟು ಜಾರಿದರೆ 18,000 ರೂಪಾಯಿ ಹೋಯಿತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ 2024ರ ಜೂನ್ 4ರಂದು ನಿಫ್ಟಿ 1,379 ಅಂಶ ಕುಸಿಯಿತು. 75ರ ಲಾಟಿಗೆ ಅಂಥ ಕುಸಿತದ ಬೆಲೆ ಒಂದು ಲಕ್ಷ ಮೂರು ಸಾವಿರಕ್ಕೂ ಮಿಕ್ಕು, ಅದೂ ಒಂದೇ ದಿನದಲ್ಲಿ.

“ನಾನು ಸ್ಟಾಪ್ ಲಾಸ್ ಇಡುತ್ತೇನೆ, 100 ಅಂಶ ಇಳಿದೊಡನೆ ಮಾರಿಬಿಡುತ್ತೇನೆ” ಎಂದ. ಒಳ್ಳೆಯದೇ, ಪೇಟೆ ಆ ಬೆಲೆಗೆ ನಿಂತು ಕಾಯುವುದಾದರೆ. ಆಗ ಒಂದು ಸೋಲಿಗೆ 7,500. ಐದು ಸಲ ಸತತವಾಗಿ ಸೋತರೆ 37,500. ಎರಡೂವರೆ ಲಕ್ಷದಲ್ಲಿ ಉಳಿದದ್ದು 2,12,500. ಅವನು ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಮತ್ತೊಮ್ಮೆ ಕಳೆದು ನೋಡಿದ. ಮಾರ್ಜಿನ್ನಿಗೇ 2,16,000 ಬೇಕು! ಐದೇ ಮುಗ್ಗರಿಕೆಗೆ ಅಂಗಡಿ ಮುಚ್ಚಿತು. ಆರನೆಯ ದಿನ ಪೇಟೆ ಏರಿದರೂ ಇವನು ಹೊರಗೆ ನಿಂತು ನೋಡಬೇಕು. ನಾಣ್ಯ ಚಿಮ್ಮಿದರೂ ಐದು ಸಲ ಒಂದೇ ಮುಖ ಬೀಳುವುದುಂಟು.

ಒಂದು ಸೋಲಿನಲ್ಲಿ ಬಂಡವಾಳದ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಕಳೆಯಬಾರದೆಂಬುದು ಈ ಕಸುಬಿನವರ ಹಳೆಯ ಕಟ್ಟಳೆ. ಹಾಗಾದರೆ 7,500ಕ್ಕೆ ಏಳೂವರೆ ಲಕ್ಷ ಬೇಕಾಯಿತು. ಹತ್ತು ಸಲ ಸೋತರೂ ಆರು ಮುಕ್ಕಾಲು ಲಕ್ಷ ಕೈಯಲ್ಲಿರುತ್ತದೆ. ನನ್ನ ಮಟ್ಟಿಗೆ ಪ್ರಶ್ನೆಗೆ ಉತ್ತರ ಇದೇ, ಅದೂ ಮನೆಬಾಡಿಗೆಗೂ ಮಕ್ಕಳ ಶುಲ್ಕಕ್ಕೂ ಸೇರದ ಏಳೂವರೆ ಲಕ್ಷ.

ತೆರಿಗೆಯ ಮಾತು ಬೇರೆ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ದರದಂತೆ, ವಾಯಿದೆಯನ್ನು ಮಾರುವಾಗ ನೂರು ರೂಪಾಯಿಗೆ ಎರಡು ಪೈಸೆ ವಹಿವಾಟು ತೆರಿಗೆಯಿತ್ತು. ಎರಡು ಪೈಸೆಯೆಂದರೆ ಯಾರಿಗೆ ಭಯ? ಆದರೆ 18 ಲಕ್ಷಕ್ಕೆ ಅದು 360 ರೂಪಾಯಿ. ದಿನಕ್ಕೊಂದರಂತೆ ವರ್ಷದಲ್ಲಿ 200 ವಹಿವಾಟು ನಡೆಸಿದರೆ 72,000. ಗೆದ್ದರೂ ಕೊಡಬೇಕು, ಸೋತರೂ ಕೊಡಬೇಕು. ದಲ್ಲಾಳಿ, ಸ್ಟಾಂಪು, ಜಿಎಸ್‌ಟಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಅಧ್ಯಯನವನ್ನೂ ಅವನ ಮುಂದಿಟ್ಟೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವ್ಯಾಪಾರಕ್ಕಿಳಿದ ಒಂದು ಕೋಟಿಗೂ ಮೀರಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದರು. ಖರ್ಚೂ ಸೇರಿ ತಲಾ ಸರಾಸರಿ ನಷ್ಟ ಸುಮಾರು ಎರಡು ಲಕ್ಷ ರೂಪಾಯಿ.

“ಎರಡು ಲಕ್ಷವೇ?” ಎಂದು ಅವನು ಕೇಳಿದ. ಹೌದೆಂದೆ. ಕಾಫಿ ಆರಿಹೋಗಿತ್ತು, ಅಕ್ಕ ಬಿಸಿಮಾಡಿ ತಂದುಕೊಟ್ಟಳು. ಹೊರಡುವಾಗ ಲೆಕ್ಕದ ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಬಳೆಯ ಮಾತನ್ನು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.